ಹಾಳು ಪಿಯಾನೊ, ತುಂಡಾದ ಬೆರಳು, ಒಂದೇ ಶ್ವಾಸಕೋಶ

ಅಮೆರಿಕದ ಜಾಝ್ ಪಿಯಾನೊ ವಾದಕ ಕೀತ್ ಜಾರೆಟ್ ಅವರ ‘ದ ಕಲೋನ್ ಕಾನ್ಸರ್ಟ್’ ಆಲ್ಬಂನಲ್ಲಿ ಪಿಯಾನೊ ಚೆನ್ನಾಗಿಲ್ಲ. ಮೇಲಿನ ಸ್ವರಗಳು ತಗಡು ಬಡಿದಂತೆ ಕೇಳುತ್ತವೆ, ಮಂದ್ರಕ್ಕೆ ಮೈಯೇ ಇಲ್ಲ. ಆದರೂ ಒಬ್ಬರೇ ಕುಳಿತು ನುಡಿಸಿದ ಪಿಯಾನೊ ಆಲ್ಬಂಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದು.

1975ರ ಜನವರಿ 24ರ ರಾತ್ರಿಯ ಕತೆ ಜಾಝ್ ಹುಚ್ಚಿರುವವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಜರ್ಮನಿಯ ಕಲೋನ್ ನಗರದ ಒಪೆರಾ ಭವನದಲ್ಲಿ ಕಾರ್ಯಕ್ರಮ ಏರ್ಪಡಿಸಿದ್ದ ವೇರಾ ಬ್ರಾಂಡೆಸ್‌ಗೆ ಆಗ 18 ವರ್ಷ. ಜಾರೆಟ್ ಕೇಳಿದ್ದು ಬೋಸೆನ್‌ಡಾರ್ಫರ್‌ನ ಅತಿ ದೊಡ್ಡ ಪಿಯಾನೊ. ವೇದಿಕೆಗೆ ಬಂದದ್ದು ತಾಲೀಮಿಗೆಂದು ಇಟ್ಟುಕೊಂಡಿದ್ದ, ಶ್ರುತಿ ತಪ್ಪಿದ, ಪೆಡಲು ನೆಟ್ಟಗಿಲ್ಲದ ಚಿಕ್ಕ ಪಿಯಾನೊ. ಅದೇ ವೇದಿಕೆಯಲ್ಲಿ ಒಪೆರಾ ಮುಗಿಯಬೇಕಿದ್ದುದರಿಂದ ಶುರುವಾಗುವುದೇ ರಾತ್ರಿ ಹನ್ನೊಂದೂವರೆಗೆ. ಜಾರೆಟ್‌ಗೆ ಬೆನ್ನುನೋವು, ಸರಿಯಾದ ನಿದ್ದೆಯೂ ಇಲ್ಲ. ನುಡಿಸುವುದಿಲ್ಲ ಎಂದು ಹೊರಟವರನ್ನು ಆ ಹುಡುಗಿ ಬೇಡಿಕೊಂಡು ಒಪ್ಪಿಸಿದಳು.

ಆಮೇಲೆ ಅವರು ಮಾಡಿದ್ದು ಇಷ್ಟು. ಕೆಟ್ಟ ಸ್ವರಗಳ ತಂಟೆಗೆ ಹೋಗದೆ ಹೆಚ್ಚಾಗಿ ನಡುವಿನ ಸಪ್ತಕಗಳಲ್ಲೇ ಓಡಾಡಿದರು. ಮಂದ್ರದಲ್ಲಿ ಬಲವಿಲ್ಲ ಎಂದು ಎಡಗೈಯಲ್ಲಿ ಒಂದೇ ಪುಟ್ಟ ಸ್ವರಗುಚ್ಛವನ್ನು ಲೆಹರಾದ ಹಾಗೆ ಬಿಡದೆ ಸುತ್ತಿಸಿದರು. ಮೊದಲ ಭಾಗದ ಏಳೆಂಟು ನಿಮಿಷ ಕಳೆದ ಮೇಲೆ ಎಡಗೈ ಎರಡೇ ಎರಡು ಸ್ವರಮೇಳಗಳ (ಕಾರ್ಡ್‌ಗಳ) ನಡುವೆ ತೂಗುತ್ತಾ ನಿಲ್ಲುತ್ತದೆ, ಬಲಗೈ ಮಾತ್ರ ಹುಡುಕುತ್ತಾ ಹೋಗುತ್ತದೆ. ವಿಲಂಬಿತ ಖಯಾಲ್ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಜಾಗದಲ್ಲಿ ಕುಳಿತು ರಾಗವನ್ನು ಬಿಚ್ಚುವ ಕೆಲಸ ಅದು.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಇದನ್ನು ಹಾಕಿದ್ದಾಗ ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಜಾರೆಟ್ ನುಡಿಸುವಾಗ ಜೊತೆಜೊತೆಗೆ ಮುಲುಗುತ್ತಾರೆ, ಏನೋ ಗೊಣಗಿಕೊಳ್ಳುತ್ತಾರೆ. “ಯಾರಪ್ಪಾ ಅದು, ಹೊಟ್ಟೆನೋವಿನವರು?” ಎಂದಳು. ಪಿಯಾನೊ ನುಡಿಸುವವರೇ ಅವ್ವಾ ಎಂದೆ. ಸ್ವಲ್ಪ ಹೊತ್ತು ಕೇಳಿ, “ಹಾಗಾದರೆ ಇರಲಿ ಬಿಡು. ದೊಡ್ಡ ಗವಾಯಿಗಳೆಲ್ಲ ಹೀಗೆಯೇ” ಎಂದು ಒಳಗೆ ಹೋದಳು. ಆ ಆಲ್ಬಂ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯದು ಕಡಿಮೆ.

ನನ್ನ ಕಪಾಟಿನಲ್ಲಿ ಹಿಂದೂಸ್ತಾನಿ, ಜಾಝ್, ಭಾವಗೀತೆ, ಹೆವಿ ಮೆಟಲ್, ಮಾಲಿ ದೇಶದ ಗಿಟಾರು ಎಲ್ಲವೂ ಮೈಗೆ ಮೈ ತಾಗಿಸಿ ನಿಂತಿವೆ. ನೋಡಿದವರು ನಿಮ್ಮ ಅಭಿರುಚಿಗೆ ತಲೆಬುಡವಿಲ್ಲ ಎನ್ನುತ್ತಾರೆ. ಇದೆ. ಕಲಾವಿದನಿಗೆ ಬೇಕಾದ ಏನೋ ಒಂದು ಸಿಗದೆ ಹೋಗಿ, ಇರುವುದರಲ್ಲೇ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ಅವನು ಮಾಡಿದ ತೀರ್ಮಾನ ಕಿವಿಗೆ ಕೇಳಿಸುವ ಆಲ್ಬಂಗಳೇ ನನಗೆ ಇಷ್ಟ. ಎಲ್ಲ ಅನುಕೂಲಗಳನ್ನೂ ಒಟ್ಟುಮಾಡಿಕೊಂಡು, ಮೂವತ್ತೆರಡು ವಯಲಿನ್ ತುಂಬಿಸಿ ಮಾಡಿದವುಗಳಲ್ಲಿ ಬಹುಪಾಲು ಬೊಜ್ಜು ಬೆಳೆಸಿಕೊಂಡಿರುತ್ತವೆ.

ಅಕ್ಕನ ಮಗ ಮೆಟಲ್ ಪ್ರಿಯ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹೋಗಿ ಗಂಟಲು ಕಟ್ಟಿಸಿಕೊಂಡು ಬಂದವನು. “ಮಾಮಾ, ಎಲ್ಲ ಶುರುವಾದದ್ದು ಇಲ್ಲಿಂದ” ಎಂದು ಅವನೇ ನನಗೆ ‘ಬ್ಲ್ಯಾಕ್ ಸಬಾತ್’ ತಂಡದ ಅದೇ ಹೆಸರಿನ ಮೊದಲ ಆಲ್ಬಂ ಕೇಳಿಸಿದ. 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುದ್ರಿಸಿದ್ದು, 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾದದ್ದು. ಮಳೆಯ ಸದ್ದು, ದೂರದ ಚರ್ಚಿನ ಗಂಟೆ, ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಅಷ್ಟೇ. ಪಂಚಮದ ಆಸರೆಯೇ ಇಲ್ಲ. ಮಾರವಾ, ಪೂರಿಯಾ ರಾಗಗಳನ್ನು ಕೇಳಿದ ಕಿವಿಗೆ ಆ ಕಳವಳ ಹೊಸದಲ್ಲ. ಮುಸ್ಸಂಜೆಯಲ್ಲಿ ಪಂಚಮವನ್ನು ವರ್ಜಿಸಿ ತೀವ್ರ ಮಧ್ಯಮಕ್ಕೆ ಬಂದು ನಿಂತಾಗ ನೆಲೆ ತಪ್ಪಿದ ಹಾಗಾಗುತ್ತದಲ್ಲ, ಬರ್ಮಿಂಗ್‌ಹ್ಯಾಮಿನ ಕಾರ್ಮಿಕರ ಮಕ್ಕಳು ಅದನ್ನೇ ದೊಡ್ಡ ಆಂಪ್ಲಿಫೈಯರಿಗೆ ಹಾಕಿ ಹೆದರಿಸಿದ್ದಾರೆ.

ಗಿಟಾರ್ ನುಡಿಸಿದ ಟೋನಿ ಅಯೋಮಿ ಎಡಗೈಯವರು, ಹಾಗಾಗಿ ತಂತಿ ಒತ್ತುವುದು ಬಲಗೈಯಿಂದ. 17ನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಆ ಕೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ತುಂಡಾದವು. ಆ ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ಚೂರು ಅಂಟಿಸಿದ. ದಪ್ಪ ತಂತಿ ಒತ್ತಲಾಗದೆ ಬ್ಯಾಂಜೊದ ತೆಳು ತಂತಿ ಹಾಕಿಕೊಂಡ. ತುದಿಯಲ್ಲಿ ಸ್ಪರ್ಶವೇ ಇಲ್ಲದ ಬೆರಳಿನಿಂದ ನಾಜೂಕಿನ ಸ್ವರಮೇಳಗಳು ಆಗುವಂಥವಲ್ಲ. ಎರಡು ಸ್ವರಗಳ ದಪ್ಪ ಜೋಡಿ ಆಗುತ್ತದೆ, ನಿಧಾನದ ಭಾರವಾದ ನಡೆ ಆಗುತ್ತದೆ. ಮುಂದೆ 1971ರ ಹೊತ್ತಿಗೆ ಬೆರಳಿಗೆ ಸುಲಭವಾಗಲೆಂದು ಶ್ರುತಿಯನ್ನೇ ಒಂದೂವರೆ ಸ್ವರ ಇಳಿಸಿದರು. ಈವತ್ತು ಕೋರಮಂಗಲದ ಗ್ಯಾರೇಜಿನಲ್ಲಿ ಹತ್ತೂ ಬೆರಳು ನೆಟ್ಟಗಿರುವ ಹುಡುಗರು ಶ್ರುತಿ ಇಳಿಸಿಕೊಂಡು ಗುಡುಗಿಸುತ್ತಿರುತ್ತಾರೆ. ಅದರ ಮೂಲದಲ್ಲಿರುವುದು ಒಬ್ಬನ ಗಾಯ. ಆಲ್ಬಂ ಪೂರ್ತಿ ಚೆನ್ನಾಗಿದೆಯೇ ಎಂದರೆ ಇಲ್ಲ. ಎರಡನೇ ಬದಿಯ ಉದ್ದದ ಗಿಟಾರ್ ಅಲೆದಾಟದಲ್ಲಿ ನಾನು ಎದ್ದು ಚಹಾ ಇಡಲು ಹೋಗುತ್ತೇನೆ. ಈ ಮಾತಿಗೆ ಅಕ್ಕನ ಮಗ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕಾಯಿಲೆ ಬಂದದ್ದರಿಂದ ಕಲೆ ಅರಳಿತು ಎಂಬಂಥ ಬರಹ ಕಂಡರೆ ನನಗೆ ಮೈ ಉರಿಯುತ್ತದೆ. ನರಳಿದವರಲ್ಲಿ ಹೆಚ್ಚಿನವರು ಸುಮ್ಮನೆ ನರಳಿ ಹೋಗಿದ್ದಾರೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಷಯದಲ್ಲಂತೂ ಈ ಮಾತನ್ನು ತೀರಾ ಅಗ್ಗವಾಗಿ ಆಡುತ್ತಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಎಳವೆಯಲ್ಲೇ ದೊಡ್ಡ ದೊಡ್ಡ ಗವಾಯಿಗಳನ್ನು ಹಾಗೆಹಾಗೇ ಹಾಡಿ ತೋರಿಸಿ ‘ಕುಮಾರ ಗಂಧರ್ವ’ ಎಂಬ ಬಿರುದು ಪಡೆದಿದ್ದ. ಕ್ಷಯ ಬಂದದ್ದು ಹೆಸರು ಮಾಡಿದ ಮೇಲೆ. ಒಣಹವೆ ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಹಾಡಲೇಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೊಮೈಸಿನ್ ಬಂದದ್ದರಿಂದ ಜೀವ ಉಳಿಯಿತು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಮಲಗಿದ್ದ ಆ ವರ್ಷಗಳಲ್ಲಿ ಕಿಟಕಿಯಾಚೆ ಮಾಳವದ ಹೆಂಗಸರ ಹಾಡು, ನಾಥಪಂಥದ ಭಿಕ್ಷುಕರ ಭಜನೆ ಕಿವಿಗೆ ಬೀಳುತ್ತಿದ್ದವು.

ಅವರ ನಿರ್ಗುಣ ಭಜನೆಗಳ ಮುದ್ರಿಕೆ ಹಾಕಿ, ಬೇರೆ ಕೆಲಸ ಬಿಟ್ಟು ಕೇಳಿ. ಒಂದು ತುಣುಕನ್ನು ಎಸೆಯುತ್ತಾರೆ, ಬಿಡುತ್ತಾರೆ. ಅಲ್ಲಿ ಎರಡು ತಂಬೂರಿಗಳು ಮಾತ್ರ ಉಳಿಯುತ್ತವೆ. ನೀವು ಇನ್ನೇನು ಮುಂದಿನ ಸ್ವರವನ್ನು ಮನಸ್ಸಿನಲ್ಲೇ ಹಾಡಿಕೊಳ್ಳಬೇಕು ಎನ್ನುವಷ್ಟರಲ್ಲಿ ಅವರು ಮತ್ತೆಲ್ಲೋ ಏಳುತ್ತಾರೆ, ಜೊತೆಗೆ ಪತ್ನಿ ವಸುಂಧರಾ ಕೊಂಕಾಳಿಯವರ ದನಿ ಸೇರಿಕೊಳ್ಳುತ್ತದೆ. ಉದ್ದ ಉಸಿರಿನ ತಾನಗಳ ಮೇಲೆ ಕಟ್ಟಿದ ಪರಂಪರೆಯಲ್ಲಿ ಉಸಿರೇ ಕಡಿಮೆಯಿದ್ದವನು ಏನು ಮಾಡಬೇಕು? ಆ ಬಿಡುವನ್ನೇ ಹಾಡಿನ ಭಾಗ ಮಾಡಿದರು. ತಂಬೂರಿಯ ಶ್ರುತಿಗಾಗಿ ಅವರು ಅಷ್ಟು ಹಟ ಹಿಡಿಯುತ್ತಿದ್ದುದು ಏಕೆಂದು ಆಗ ತಿಳಿಯುತ್ತದೆ. ಅವರು ಸುಮ್ಮನಾದಾಗ ಹಾಡಬೇಕಾದದ್ದು ಅದೇ. ಕಾಯಿಲೆಗೆ ಇದರಲ್ಲಿ ಯಾವ ಶ್ರೇಯಸ್ಸೂ ಸಲ್ಲಬೇಕಾಗಿಲ್ಲ.

ಮಲ್ಲಿಕಾರ್ಜುನ ಮನ್ಸೂರರಿಗೆ ಉಸಿರಿನ ಕೊರತೆ ಎಂದೂ ಇರಲಿಲ್ಲ. ಒಂದು ಸ್ವರದ ತುದಿಯನ್ನು ಮುಂದಿನದರ ಬುಡಕ್ಕೆ ಗಂಟು ಹಾಕುತ್ತಾ ಹೋಗುವ ಜೈಪುರ-ಅತ್ರೌಲಿ ಘರಾಣೆಯ ಹೆಣಿಗೆ ಅದು, ಎಲ್ಲಿ ಉಸಿರೆಳೆದುಕೊಂಡರು ಎಂದು ಹುಡುಕಬೇಕು. ಆದರೆ ಅವರ ವಚನಗಾಯನದ ಮುದ್ರಿಕೆಯಲ್ಲಿ ಇಕ್ಕಟ್ಟು ಬೇರೊಂದಿದೆ. ವಚನ ಗದ್ಯ. ಅದಕ್ಕೆ ಮಾತ್ರೆಯ ಲೆಕ್ಕವಿಲ್ಲ, ಪಲ್ಲವಿಯಿಲ್ಲ, ಸಾಲುಗಳು ಒಂದೊಂದು ಅಳತೆ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ’ ವಚನವನ್ನು ಅವರು ಹಾಡುವಾಗ ‘ಅಕ್ಕ ಕೇಳವ್ವಾ’ ಎಂಬ ಕರೆಯನ್ನೇ ಮುಖಡಾ ಮಾಡಿಕೊಳ್ಳುತ್ತಾರೆ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಎಂಬ ಪಟ್ಟಿ ಮುಗಿಸಿ ಮತ್ತೆ ಆ ಕರೆಗೆ ಮರಳುವಾಗ ಪ್ರತಿಸಲವೂ ಕರೆಯ ದನಿ ಬೇರೆ. ಕನಸು ಹೇಳಿಕೊಳ್ಳುವವಳ ಆತುರ ಅಲ್ಲಿದೆ. ನನ್ನ ಲೆಕ್ಕದಲ್ಲಿ ಕನ್ನಡ ಕವಿತೆಗೆ ಸಂಗೀತ ಮಾಡಿದ ಅತ್ಯುನ್ನತ ಉಪಕಾರ ಇದು. ಆಕಾಶವಾಣಿ ಧಾರವಾಡದಲ್ಲಿ ಬೆಳಿಗ್ಗೆ ಇದು ಬಂದರೆ ನಮ್ಮ ಮನೆಯಲ್ಲಿ ಯಾರೂ ನಲ್ಲಿ ತಿರುಗಿಸುತ್ತಿರಲಿಲ್ಲ.

ಮೂರು ನಿಮಿಷದ 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಇಕ್ಕಟ್ಟು ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗಿತ್ತು. ಎರಡು ಗಂಟೆ ಹಾಡುವವರು ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿಸಬೇಕು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ‘ಪಿಯಾ ಬಿನ್ ನಾಹಿ ಆವತ ಚೈನ್’ ಅಂಥ ಒಂದು ತಟ್ಟೆ. ಗದಗಿನಲ್ಲಿ ಅಂಗಡಿಯೊಂದರಲ್ಲಿ ಅದನ್ನು ಕೇಳಿದ ಭೀಮಸೇನ ಎಂಬ ಹುಡುಗ 1933ರಲ್ಲಿ, 11ನೇ ವಯಸ್ಸಿನಲ್ಲಿ, ಹೀಗೆ ಹಾಡುವುದನ್ನು ಕಲಿಯಬೇಕೆಂದು ಮನೆ ಬಿಟ್ಟು ರೈಲು ಹತ್ತಿದ. ಅಲೆದು ಅಲೆದು ಕೊನೆಗೆ ಗುರು ಸಿಕ್ಕಿದ್ದು ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಇಪ್ಪತ್ತು ನಿಮಿಷದ ತಟ್ಟೆಯಾಗಿದ್ದರೆ ಅಂಗಡಿಯವರು ಆ ಹುಡುಗನನ್ನು ಅಷ್ಟು ಹೊತ್ತು ನಿಲ್ಲಲು ಬಿಡುತ್ತಿದ್ದರೋ ಇಲ್ಲವೋ.

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಬಗ್ಗೆ ಹೊಸದಾಗಿ ಹೇಳಲು ಯಾರಿಗೂ ಏನೂ ಉಳಿದಿಲ್ಲ, ಆದರೂ ನಮ್ಮ ಭಾವನ ಹಾರ್ಮೋನಿಯಂ ಪ್ರಸಂಗವನ್ನು ಹೇಳದೆ ಇರಲಾರೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನದಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಮುದ್ರಿಸಿದ ಆಲ್ಬಂ. ಮೈಲ್ಸ್ ತಂದದ್ದು ಕೆಲವು ಸ್ವರಶ್ರೇಣಿಗಳ ಟಿಪ್ಪಣಿ ಮಾತ್ರ. ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್ಲಿ, ಬಿಲ್ ಇವಾನ್ಸ್ ಇಂಥವರಿಗೆ ಅಲ್ಲೇ ಕೊಟ್ಟು ನುಡಿಸಿ ಎಂದರು. ಕ್ಷಣಕ್ಕೊಂದು ಸ್ವರಮೇಳ ಬದಲಿಸುವ ಜಾಝ್‌ನ ಚಪಲ ಬಿಟ್ಟು ಒಂದು ಶ್ರೇಣಿಯಲ್ಲೇ ನಿಲ್ಲುವುದು ಇಲ್ಲಿನ ವ್ರತ. ಮೊದಲ ಹಾಡಿನ ಶ್ರೇಣಿ ನಮ್ಮ ಕಾಫಿ ಥಾಟ್, ಕರ್ನಾಟಕ ಸಂಗೀತದವರ ಖರಹರಪ್ರಿಯ. ಹದಿನಾರು ಆವರ್ತನ ಅಲ್ಲಿದ್ದು, ಎಂಟು ಆವರ್ತನ ಷಡ್ಜವನ್ನೇ ಅರ್ಧ ಸ್ವರ ಎತ್ತಿ, ಮತ್ತೆ ಎಂಟಕ್ಕೆ ಹಳೆಯ ಜಾಗಕ್ಕೆ ಮರಳುತ್ತಾರೆ.

ಕಾಫಿ ತಾನೇ, ಜೊತೆಗೆ ನುಡಿಸೋಣ ಎಂದು ಭಾವ ಹಾರ್ಮೋನಿಯಂ ತಂದು ಕುಳಿತರು. ಕ್ಯಾಸೆಟ್ಟಿನ ಮೊದಲ ಬದಿಗೆ ಹಾರ್ಮೋನಿಯಂನ ಯಾವ ಮನೆಯೂ ಹೊಂದುತ್ತಿಲ್ಲ. ಬಿಳಿ ಎರಡು ಒತ್ತಿದರೆ ತಗ್ಗು, ಅದರ ಪಕ್ಕದ ಕಪ್ಪು ಒತ್ತಿದರೆ ಎತ್ತರ. ಟೇಪ್ ರೆಕಾರ್ಡರಿನ ಮೋಟಾರು ಜೋರಾಗಿ ತಿರುಗುತ್ತಿದೆ ಎಂದು ಅದರ ಬೆನ್ನು ಬಿಚ್ಚಿದ್ದೂ ಆಯಿತು. ಆಮೇಲೆ ತಿರುಗಿಸಿ ಹಾಕಿದರೆ ಎರಡನೇ ಬದಿ ಸರಿಯಾಗಿ ಕೂತುಕೊಳ್ಳುತ್ತದೆ! ಮೋಟಾರು ಒಂದು ಬದಿಗೆ ಮಾತ್ರ ಕೆಡುವುದುಂಟೇ? ವಿಷಯ ಏನೆಂದರೆ, ಮಾರ್ಚ್ 2ರಂದು ಸ್ಟುಡಿಯೊದ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗೆ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರುತ್ತದೆ. ಆ ದಿನದ ಮೂರು ಹಾಡುಗಳೇ ಮೊದಲ ಬದಿ. 1990ರ ದಶಕದಲ್ಲಿ ಪರ್ಯಾಯ ಟೇಪಿನಿಂದ ಸರಿಪಡಿಸುವವರೆಗೆ ಮೂವತ್ತು ವರ್ಷ ಜಗತ್ತೆಲ್ಲ ಕೇಳಿದ್ದು ಆ ಏರಿದ ಶ್ರುತಿಯನ್ನೇ. ಈಗ ಸರಿಯಾದ ಸಿಡಿ ನನ್ನ ಬಳಿ ಇದೆ. ಭಾವ ಮಾತ್ರ ಹಳೆಯದೇ ಚುರುಕಾಗಿತ್ತು ಎನ್ನುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ.

ಅದೇ ವರ್ಷ ಅದೇ ಸ್ಟುಡಿಯೊದಲ್ಲಿ ಮುದ್ರಣಗೊಂಡ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ನನಗೆ ಅಷ್ಟಕ್ಕಷ್ಟೆ. ತಾಳವನ್ನು ಐದು, ಒಂಬತ್ತು ಎಂದು ಲೆಕ್ಕ ಮಾಡಿದ್ದಕ್ಕೆ ಪಶ್ಚಿಮದವರು ಬೆರಗಾದರು. ಐದರ ತಾಳವಾದ ಖಂಡಛಾಪು ತೊಡೆಯ ಮೇಲೆ ತಟ್ಟುತ್ತಾ ಬೆಳೆದವರಿಗೆ ಐದರಲ್ಲಿ ಅಂಥ ಬೆರಗೇನಿಲ್ಲ. ಒಂದು ತಮಾಷೆ ಮಾತ್ರ ಇದೆ: ನಮ್ಮದು ‘ತಕ ತಕಿಟ’, ಅವರ ‘ಟೇಕ್ ಫೈವ್’ ‘ತಕಿಟ ತಕ’. ಕಾಲು ತಪ್ಪಿದ ಹಾಗೆನಿಸುತ್ತದೆ, ಅಲ್ಲೇ ಅದರ ಸೊಗಸು. ಅದನ್ನು ಬರೆದ ಪಾಲ್ ಡೆಸ್ಮಂಡ್ ತನ್ನ ರಾಯಧನವನ್ನೆಲ್ಲ ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು ಹೋದರು.

‘ಕಾಲ್ ಆಫ್ ದ ವ್ಯಾಲಿ’ (1967) ನಮ್ಮ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿದ್ದ ತಟ್ಟೆ. ಸಂತೂರಿನ ಶಿವಕುಮಾರ್ ಶರ್ಮಾ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನ ಬ್ರಿಜ್‌ಭೂಷಣ್ ಕಾಬ್ರಾ ಮೂವರೂ ಆಗ ಮೂವತ್ತರ ಆಸುಪಾಸಿನವರು. ಸಂತೂರಿನಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ ಎಂದು ಪಂಡಿತರು ಮೂಗು ಮುರಿಯುತ್ತಿದ್ದ ಕಾಲ. ಗಿಟಾರಂತೂ ಪರದೇಶಿ. ಕಾಶ್ಮೀರದ ಕುರುಬನೊಬ್ಬನ ಒಂದು ದಿನ ಎಂಬುದು ಕಥೆ, ಬೆಳಗಿನ ಅಹಿರ್ ಭೈರವದಿಂದ ಹೊರಟು ಪಹಾಡಿಗೆ ಮುಗಿಯುತ್ತದೆ. ಇಡೀ ದಿನವನ್ನು ತಟ್ಟೆಯ ಎರಡು ಬದಿಗಳಲ್ಲಿ ಹಿಡಿಸಬೇಕಾದ್ದರಿಂದ ಯಾರೂ ಪಾಂಡಿತ್ಯ ತೋರಿಸಲು ಹೋಗಿಲ್ಲ. ನನ್ನ ಮೊಬೈಲಿನ ಒಂದು ಆ್ಯಪ್ ಮಾತ್ರ ಇದನ್ನು ತಾನೇ ಕಲಸಿ ಕೊಡುತ್ತದೆ. ಮೊದಲು ಪಹಾಡಿ, ನಡುವೆ ಸಾಲದ ಜಾಹೀರಾತು, ಆಮೇಲೆ ಅಹಿರ್ ಭೈರವ. ಕುರುಬ ಮನೆಗೆ ಹೋಗಿ ಮಲಗಿ, ಸಾಲ ಮಾಡಿ, ಮತ್ತೆ ಎದ್ದ ಹಾಗೆ. ಕ್ರಮ ಬದಲಿಸಬೇಡ ಎಂದು ಹೇಳಲು ಹಣ ಕಟ್ಟಬೇಕಂತೆ.

ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ಬಗ್ಗೆ ನನಗೆ ಗೌರವವಿದೆ, ಪ್ರೀತಿ ಕಡಿಮೆ. ಸ್ಪೀಕರ್ ಅಂಗಡಿಯವರು ಗಿರಾಕಿಗಳಿಗೆ ಕೇಳಿಸಲು ಇಟ್ಟುಕೊಳ್ಳುವ ಆಲ್ಬಂ ಅದು. ಗಡಿಯಾರಗಳು ಒಟ್ಟಿಗೆ ಬಾರಿಸಿದಾಗ ಎಲ್ಲರೂ ಬೆಚ್ಚಿ ಜೇಬಿಗೆ ಕೈ ಹಾಕುತ್ತಾರೆ. ಎಲ್ಲವೂ ಒರೆಸಿ ಹೊಳಪು ಕೊಟ್ಟಂತಿದೆ. ಒಂದು ಕಡೆ ಮಾತ್ರ ಹೊಳಪು ಕಳಚುತ್ತದೆ. ಮೊದಲ ಬದಿಯ ಕೊನೆಗೆ ಕ್ಲೇರ್ ಟೋರಿ ಎಂಬ ಗಾಯಕಿ ಹಾಡುತ್ತಾರೆ. ಸಾವಿನ ಕುರಿತು ಎಂದಷ್ಟೇ ಹೇಳಿ, ಸಾಹಿತ್ಯವೂ ಕೊಡದೆ, ರಾಗವೂ ಕೊಡದೆ ಮೈಕಿನ ಮುಂದೆ ನಿಲ್ಲಿಸಿದ್ದರು. ಅವರು ತನ್ನ ಗಂಟಲನ್ನೇ ಒಂದು ವಾದ್ಯ ಎಂದುಕೊಂಡು ಮೊರೆಯಿಟ್ಟರು. ಕೆಲವೇ ಟೇಕ್‌ಗಳಲ್ಲಿ ಮುಗಿಯಿತು, ಕೈಗೆ ಬಂದದ್ದು 30 ಪೌಂಡ್. ಆ ಹಾಡಿನ ರಚನೆಯಲ್ಲಿ ತಾನೂ ಪಾಲುದಾರಳು ಎಂದು ನ್ಯಾಯಾಲಯಕ್ಕೆ ಹೋಗಿ 2005ರಲ್ಲಿ ಒಪ್ಪಂದವಾಗಿ ಹೆಸರು ಸೇರಿತು. ನನ್ನನ್ನು ಕೇಳಿದರೆ ಆ ಆಲ್ಬಂನ ಜೀವ ಇರುವುದೇ ಆ ನಾಲ್ಕೂಮುಕ್ಕಾಲು ನಿಮಿಷದಲ್ಲಿ, ಉಳಿದದ್ದಕ್ಕೆ ಸುಮ್ಮನೆ ಹೆಸರು.

‘ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್’ (1997) ಹುಟ್ಟಿದ್ದೂ ಯಾರೋ ಬರದೆ ಇದ್ದುದರಿಂದ. 1996ರಲ್ಲಿ ಮಾಲಿ ದೇಶದ ಸಂಗೀತಗಾರರನ್ನು ಹವಾನಾಕ್ಕೆ ಕರೆಸಿ ಕ್ಯೂಬಾದವರ ಜೊತೆ ನುಡಿಸಬೇಕೆಂದು ಸ್ಟುಡಿಯೊ ಗೊತ್ತುಮಾಡಿದ್ದರು. ಅವರಿಗೆ ಪ್ರಯಾಣದ ಕಾಗದಪತ್ರ ಸಿಗಲಿಲ್ಲ. ಸ್ಟುಡಿಯೊ ಖಾಲಿ ಬಿಡುವುದೇಕೆ ಎಂದು ಹವಾನಾದ ಹಳೆಯ ತಲೆಗಳನ್ನು ಹುಡುಕಿ ಕರೆತಂದರು. ಇಬ್ರಾಹಿಂ ಫೆರೆರ್ ಆಗ ಬೂಟು ಪಾಲಿಷ್ ಮಾಡಿ ಬದುಕುತ್ತಿದ್ದರು. ಪಿಯಾನೊ ನುಡಿಸಿದ ರುಬೆನ್ ಗೊನ್ಸಾಲೆಸ್ ಮನೆಯಲ್ಲಿ ಪಿಯಾನೊವೇ ಇರಲಿಲ್ಲ. ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆಯುವುದನ್ನೇ ಕಾದು ನಿಲ್ಲುತ್ತಿದ್ದರಂತೆ. ಅವರ ಬೆರಳು ಓಡುವುದನ್ನು ಕೇಳಿದರೆ ಅದನ್ನು ನಂಬಬಹುದು.

ಮಾಲಿಯವರು ಬಾರದೆ ಹೋದರೆ ನಾವೇ ಅಲ್ಲಿಗೆ ಹೋಗಬೇಕು. ಅಲ್ಲಿನ ಗಿಟಾರ್ ವಾದಕ ಅಲಿ ಫರ್ಕಾ ತೂರೆ ಅವರು ಅಮೆರಿಕದ ರೈ ಕೂಡರ್ ಜೊತೆ ಮಾಡಿದ ‘ಟಾಕಿಂಗ್ ಟಿಂಬಕ್ಟು’ (1994) ಗ್ರ್ಯಾಮಿ ಪಡೆಯಿತು. ನನಗೆ ಅದಕ್ಕಿಂತ ಇಷ್ಟ 1999ರ ‘ನಿಯಾಫುಂಕೆ’. ತೂರೆ ರೈತ. ಹೊಲದ ಕೆಲಸ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟರು. ಮುದ್ರಿಸುವವರೇ ಯಂತ್ರ ಹೊತ್ತುಕೊಂಡು ನೈಜರ್ ನದಿ ದಂಡೆಯ ಅವರ ಊರಿಗೆ ಹೋಗಿ, ಪಾಳುಬಿದ್ದ ಇಟ್ಟಿಗೆಯ ಕಟ್ಟಡದಲ್ಲಿ ಜನರೇಟರ್ ಇಟ್ಟುಕೊಂಡು, ಇವರಿಗೆ ಬಿಡುವಾಗುವುದನ್ನು ಕಾದರು. ಐದು ಸ್ವರಗಳ ಸಂಗೀತ, ಭೂಪ, ಧಾನಿ ರಾಗಗಳನ್ನು ಕೇಳಿದವರಿಗೆ ಪರಕೀಯವೇನಲ್ಲ. ಆದರೆ ಅವರು ಎಲ್ಲಿಗೂ ಹೋಗುವ ಅವಸರದಲ್ಲಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದು ಕುಳಿತವರ ನುಡಿಸಾಣಿಕೆ ಅದು.

ಫ್ಯೂಷನ್ ಎಂದರೆ ನನಗೆ ತುಸು ಅಲರ್ಜಿ. 1976ರ ‘ಶಕ್ತಿ’ ಆಲ್ಬಂನಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಮಾಡಿದ್ದನ್ನು ಯಾರು ಅಲ್ಲಗಳೆದಾರು? ಆದರೂ ಅರ್ಧ ಹೊತ್ತು ಯಾರು ಮೊದಲು ಗುರಿ ಮುಟ್ಟುತ್ತಾರೆ ಎಂಬ ಓಟ. ಆಮೇಲೆ ಬಂದ ನೂರಾರು ಜನ ಅದರಿಂದ ಕಲಿತದ್ದು ಓಟವನ್ನು ಮಾತ್ರ. ಇಳಯರಾಜ ಅವರ ‘ಹೌ ಟು ನೇಮ್ ಇಟ್?’ (1986) ತ್ಯಾಗರಾಜರನ್ನೂ ಬಾಖ್ ಅವರನ್ನೂ ಎದುರುಬದುರು ಕೂರಿಸುತ್ತದೆ. ವಿ.ಎಸ್. ನರಸಿಂಹನ್ ಅವರ ಪಿಟೀಲು ಇಂದಿಗೂ ತಾಜಾ, ಸಿಂಥಸೈಜರ್ ಮಾತ್ರ ಆ ದಶಕಕ್ಕೇ ಸಲ್ಲುವಂಥದ್ದು.

ಈ ಜಾತಿಯಲ್ಲಿ ನಾನು ಎರಡು ಮಾತಿಲ್ಲದೆ ಒಪ್ಪುವುದು ‘ಕಿನ್ಸ್‌ಮೆನ್’ (2008). ಬಂಟ್ವಾಳ ಕಡೆಯ ಸಜಿಪದ, ನಾದಸ್ವರ ಮನೆತನದ ಕದ್ರಿ ಗೋಪಾಲನಾಥ್ ಒಂದು ಕಡೆ. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನ್, ನಡುವೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ. ಸ್ಯಾಕ್ಸೊಫೋನ್ ಬೆಲ್ಜಿಯಂನವರೊಬ್ಬರು ಬ್ಯಾಂಡಿಗೆಂದು ಮಾಡಿದ್ದು. ಅದರ ಕೀಲಿಗಳು ಸ್ವರವನ್ನು ತುಂಡುತುಂಡು ಮಾಡಿ ಕೊಡುತ್ತವೆ. ನಾದಸ್ವರದಲ್ಲಾದರೆ ತೆರೆದ ರಂಧ್ರದ ಮೇಲೆ ಬೆರಳು ಜಾರಿಸಿ ಗಮಕ ತರಬಹುದು, ಇದರಲ್ಲಿ ಜಾರಲು ಜಾಗವೇ ಇಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದ ಕದ್ರಿಯವರು ವಾದ್ಯವನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು, ಉಳಿದದ್ದನ್ನು ತುಟಿ ಉಸಿರುಗಳಿಂದಲೇ ಸಾಧಿಸಿದರು. ಮಹಂತಪ್ಪ ಅವರಿಗೆ ಕದ್ರಿಯವರ ಪರಿಚಯವಾದದ್ದು ಅಣ್ಣ ತಮಾಷೆಗೆಂದು ಕೊಟ್ಟ ಒಂದು ಆಲ್ಬಂನಿಂದಂತೆ. ಇಲ್ಲಿ ಇಬ್ಬರೂ ಒಂದೇ ಸಾಲನ್ನು ಒಟ್ಟಿಗೆ ನುಡಿಸುವ ಜಾಗಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ವಾದ್ಯ ಒಂದೇ, ಸ್ವರ ಒಂದೇ. ಆದರೆ ಒಬ್ಬರು ಸ್ವರದ ಮೇಲೆ ನೇರ ಬಂದು ಕಾಲೂರುತ್ತಾರೆ, ಇನ್ನೊಬ್ಬರು ಪಕ್ಕದಿಂದ ಜಾರಿ ಬರುತ್ತಾರೆ. ಆ ಕೂದಲೆಳೆಯ ವ್ಯತ್ಯಾಸವನ್ನು ಅಳಿಸಲು ಯಾರೂ ಹೋಗಿಲ್ಲ.

ಕೊನೆಗೆ ನಮ್ಮ ಭಾವಗೀತೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಅಲ್ಲಿಂದ ಮುಂದೆ ಸಿ. ಅಶ್ವತ್ಥರ ಶರೀಫ, ಅಶ್ವತ್ಥರ ಮೈಸೂರ ಮಲ್ಲಿಗೆ, ಮನೆಮನೆಯಲ್ಲೂ. ನಮ್ಮ ಕಡೆಯ ಹಳ್ಳಿಗಳಲ್ಲಿ ಶರೀಫಜ್ಜನ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ನೆಲದ ಮೇಲೆ ಕುಳಿತು ಹಾಡುತ್ತಾರೆ, ಮಾತಾಡುವ ಎತ್ತರದಲ್ಲಿ. ಅಶ್ವತ್ಥ್ ಅದನ್ನು ತಾರಸ್ಥಾಯಿಗೆ ಎತ್ತಿದರು. ಊರಿನ ಹಿರಿಯರು ಇದು ಶರೀಫರದ್ದಲ್ಲ ಎಂದು ತಲೆಯಾಡಿಸಿದ್ದು ನನಗೆ ನೆನಪಿದೆ. ನಾನು ಅಶ್ವತ್ಥರ ಕಡೆ. ‘ಸೋರುತಿಹುದು ಮನೆಯ ಮಾಳಿಗಿ’ ಎನ್ನುವವನು ಮೆಲ್ಲಗೆ ಹೇಳುತ್ತಾನೆಯೇ? ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಹಾಡಿದಾಗ ಅಶ್ವತ್ಥರ ಅಭಿಮಾನಿಗಳು ಅದೇ ರೀತಿ ತಲೆಯಾಡಿಸಿದರು. ಅದೂ ನಡೆಯಲಿ.

ನನ್ನ ತಕರಾರಿರುವುದು ಮರುಮುದ್ರಣಗಳ ಬಗ್ಗೆ. ಹಳೆಯ ಭಾವಗೀತೆಗಳ ಸಂಗ್ರಹ ಎಂದು ಕೊಂಡ ಸಿಡಿಯೊಂದರಲ್ಲಿ ಹಾಡುಗಳನ್ನೆಲ್ಲ ಬೇರೆಯವರಿಂದ ಹೊಸದಾಗಿ ಹಾಡಿಸಿ, ಉದ್ದಕ್ಕೂ ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಹಾಕಿದ್ದಾರೆ. ಪದಗಳ ನಡುವೆ ಒಂದು ಅಂಗುಲ ಜಾಗ ಸಿಕ್ಕರೂ ಅಲ್ಲೊಂದು ಗಂಟೆ ಕಿಣಿಕಿಣಿ ಎನ್ನುತ್ತದೆ. ಹೊದಿಕೆಯ ಮೇಲೆ ಮಾತ್ರ ಹಳೆಯ ಕ್ಯಾಸೆಟ್ಟಿನದೇ ಚಿತ್ರ. ಅಂಗಡಿಯವರನ್ನು ಕೇಳಿದರೆ, “ಸಾರ್, ಹಳೆಯದರಲ್ಲಿ ಬರೀ ಗುಯ್ ಎನ್ನುತ್ತದೆ, ಇದು ಡಿಜಿಟಲ್” ಎಂದರು.

ನಮ್ಮ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಅಕ್ಕನ ಮದುವೆಯ ಗದ್ದಲದಲ್ಲಿ ಯಾರದೋ ಚೀಲ ಸೇರಿತು. ಮೂಲದ ಕ್ಯಾಸೆಟ್ಟು, ಡಬ್ಬಿ ಒಡೆದಿದ್ದರೂ ಚಿಂತೆಯಿಲ್ಲ, ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಇದ್ದರೆ ತಿಳಿಸಿ. ಧಾರವಾಡ, ಹುಬ್ಬಳ್ಳಿ, ಬೆಂಗಳೂರು ಆದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಟೇಪು ಅಂಟಿಕೊಂಡಿದ್ದರೆ ಬಲವಂತವಾಗಿ ಸುತ್ತಿಸಬೇಡಿ, ಹಾಗೆಯೇ ಕೊಡಿ. ನನ್ನ ಪ್ಲೇಯರ್ ಕೆಲಸ ಮಾಡುತ್ತದೆ, ಒಂದು ಪ್ರತಿ ಮಾಡಿಕೊಂಡು ವಾರದೊಳಗೆ ಹಿಂದಿರುಗಿಸುತ್ತೇನೆ, ಬದಲಿಗೆ ನಿಮಗೆ ಬೇಕಾದ ಆಲ್ಬಂ ಕೊಂಡೊಯ್ಯಬಹುದು. ‘ಕಲೋನ್ ಕಾನ್ಸರ್ಟ್’ ಒಂದನ್ನು ಬಿಟ್ಟು.